ಅಂಚಿಗೆ ಮುಂಚಿನ ಬೆಲೆಯೋ, ನಂತರದ್ದೋ: ಟೆಸ್ಟ್‌ಬೆಂಚಿನಲ್ಲಿ ಸಿಗ್ನಲ್ ಓದುವ ವಿಧಾನವನ್ನೂ ಕಾಲದ ಅಳತೆಯನ್ನೂ ಆರಿಸಿಕೊಳ್ಳುವುದು ಹೇಗೆ

ಚಿಪ್ಪಿನ ಡಿಸೈನಿಗೆ ಇನ್‌ಪುಟ್ ಕೊಟ್ಟು ಔಟ್‌ಪುಟ್ ಸರಿಯೇ ಎಂದು ಪರೀಕ್ಷಿಸುವ ಕೋಡಾದ ಟೆಸ್ಟ್‌ಬೆಂಚ್ ಬರೆಯಲು ಕುಳಿತವರಿಗೆ ಮೊದಲ ದಿನವೇ ಎರಡು ತೀರ್ಮಾನಗಳು ಎದುರಾಗುತ್ತವೆ. ಡಿಸೈನಿನ ಔಟ್‌ಪುಟ್ಟನ್ನು ಕ್ಲಾಕಿನ ಯಾವ ಗಳಿಗೆಯಲ್ಲಿ ಓದಬೇಕು, ಇನ್‌ಪುಟ್ಟನ್ನು ಯಾವ ಗಳಿಗೆಯಲ್ಲಿ ಬದಲಿಸಬೇಕು ಎಂಬುದು ಒಂದು. ಕೋಡಿನಲ್ಲಿ #5 (ಐದು ಘಟಕದಷ್ಟು ಕಾಲ ಕಾಯಿ) ಎಂದು ಬರೆದರೆ ಆ ಐದು ಯಾವ ಅಳತೆಯದ್ದು ಎಂಬುದು ಇನ್ನೊಂದು. ಕಾಲೇಜಿನ ಲ್ಯಾಬಿನಲ್ಲಿ ಇಳಿಅಂಚಿನಲ್ಲಿ, ಅಂದರೆ ಕ್ಲಾಕ್ 1ರಿಂದ 0ಗೆ ಇಳಿಯುವ ಗಳಿಗೆಯಲ್ಲಿ, ಇನ್‌ಪುಟ್ ಕೊಡಿ ಎಂದು ಕಲಿಸುತ್ತಾರೆ. ಹಳೆಯ ಪ್ರಾಜೆಕ್ಟಿನ ಕೋಡ್ ತೆರೆದರೆ ಸಾಲುಸಾಲಿಗೂ #1 ಕಾಣುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಹಿರಿಯರು ಕ್ಲಾಕಿಂಗ್ ಬ್ಲಾಕ್ (ಅದೇನೆಂದು ಮುಂದೆ ಬರುತ್ತದೆ) ಇಲ್ಲದೆ ಏನನ್ನೂ ಬರೆಯಬೇಡಿ ಎನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ಯಾವ ಸಂದರ್ಭಕ್ಕೆ ಯಾವ ಮಾತು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಲ್ಲಿಂದ ಬೆಳೆಯುತ್ತ ಬಂದ ನಮ್ಮ ಊರಿನ ಚಿಪ್ ಉದ್ಯಮದಲ್ಲಿ ವೆರಿಫಿಕೇಷನ್, ಅಂದರೆ ಡಿಸೈನಿನ ಪರೀಕ್ಷೆಯ, ಕೆಲಸ ಮಾಡುವವರು ಅಷ್ಟೊಂದು ಮಂದಿ ಇದ್ದಾರೆ. ಅವರ ನಡುವೆ ಪದೇಪದೇ ಏಳುವ ಈ ಗೊಂದಲವನ್ನು ಕನ್ನಡದಲ್ಲೇ ಬಿಡಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ಮೇಲಿನ ಎರಡು ತೀರ್ಮಾನಗಳನ್ನು ಬೇರೆಬೇರೆ ಎಂದು ನೋಡುವುದರಿಂದಲೇ ಅರ್ಧ ತೊಂದರೆ ಬರುತ್ತದೆ ಎಂಬುದು ನನ್ನ ನಂಬಿಕೆ. ಎರಡರಲ್ಲೂ ಕೇಳಬೇಕಾದದ್ದು ಒಂದೇ: ಈ ಸಾಲಿನ ಅರ್ಥವನ್ನು ನಿರ್ಧರಿಸುವವರು ಯಾರು, ನಾನೋ ಅಥವಾ ಫೈಲುಗಳನ್ನು ಕಂಪೈಲ್ ಮಾಡಿದ ಕ್ರಮವೋ?

ತೂಗಿ ನೋಡುವ ಮಾನದಂಡಗಳು

ವಿಧಾನಗಳನ್ನು ಹೋಲಿಸುವ ಮುನ್ನ ಏನನ್ನು ಅಳೆಯುತ್ತಿದ್ದೇವೆ ಎಂಬುದು ಗೊತ್ತಿರಬೇಕು. ನಾನು ಮೊದಲು ನೋಡುವುದು ಖಚಿತತೆ. ಓದಿದ ಬೆಲೆ (ಸಿಗ್ನಲ್ 0 ಇದೆಯೋ 1 ಇದೆಯೋ ಎಂಬುದು) ಅಂಚಿಗೆ ಮುಂಚಿನದೋ ನಂತರದ್ದೋ ಎಂಬ ಬಗ್ಗೆ ಅನುಮಾನಕ್ಕೆ ಎಡೆಯಿರಬಾರದು. ಡಿಸೈನನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡುವ ಸಿಮ್ಯುಲೇಟರ್ ಬದಲಾದರೂ, ಫೈಲುಗಳ ಸರದಿ ತಿರುವುಮುರುವಾದರೂ ಫಲಿತಾಂಶ ಕದಲಬಾರದು. ಎರಡನೆಯದು ಬಾಳಿಕೆ: ಇಂದು ಆರ್‌ಟಿಎಲ್ (ಕೋಡಾಗಿ ಬರೆದ ಡಿಸೈನ್) ಮೇಲೆ ಓಡುವ ಟೆಸ್ಟು ನಾಳೆ ಎಸ್‌ಡಿಎಫ್ ಎಂಬ ಫೈಲಿನ ವಿಳಂಬಗಳನ್ನು ಹೊತ್ತ ಗೇಟ್ ಲೆವೆಲ್ ನೆಟ್‌ಲಿಸ್ಟಿನ, ಅಂದರೆ ಗೇಟುಗಳಾಗಿ ಬದಲಾದ ಡಿಸೈನಿನ, ಮೇಲೂ ಓಡಬೇಕಾಗುತ್ತದೆಯೇ? ಇದಕ್ಕೆ ಹೌದು ಎನ್ನುವವರ ಆಯ್ಕೆಯೇ ಬೇರೆ, ಇಲ್ಲ ಎನ್ನುವವರ ಆಯ್ಕೆಯೇ ಬೇರೆ. ಮೂರನೆಯದು ಕೈಯಲ್ಲಿರುವ ಸಲಕರಣೆ. ಲೈಸೆನ್ಸ್ ಕೊಂಡ ವಾಣಿಜ್ಯ ಸಿಮ್ಯುಲೇಟರ್ ಇದೆಯೋ, ಉಚಿತವಾಗಿ ಸಿಗುವ ಐಕೇರಸ್, ವೆರಿಲೇಟರ್, ಜಿಎಚ್‌ಡಿಎಲ್ ಮಾತ್ರ ಇವೆಯೋ? ಕೊನೆಯದು ತಂಡ. ಒಬ್ಬರೇ ಬರೆದು ಒಬ್ಬರೇ ಓದುವ ಕೋಡಿಗೆ ಬೇಕಾದ ಶಿಸ್ತು, ಹತ್ತು ಜನ ಕೈಯಾಡಿಸುವ ಕೋಡಿಗೆ ಸಾಲದು.

ರೇಸ್ ಹುಟ್ಟುವ ಜಾಗ

ಒಂದು ಸಣ್ಣ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಡಿಸೈನಿನಲ್ಲಿ ಒಂದು ಬಿಟ್ಟನ್ನು ನೆನಪಿಡುವ ಒಂದೇ ಫ್ಲಿಪ್‌ಫ್ಲಾಪ್ ಇದೆ. ಕ್ಲಾಕಿನ ಏರುಅಂಚಿನಲ್ಲಿ ‘ವ್ಯಾಲಿಡ್’ ಎಂಬ ಇನ್‌ಪುಟ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಟೆಸ್ಟ್‌ಬೆಂಚ್ ಕೂಡ ಅದೇ ಏರುಅಂಚಿಗೆ ಕಾದು, ಸಾಮಾನ್ಯ ಸಮ ಚಿಹ್ನೆಯಿಂದ, ಅಂದರೆ ಬ್ಲಾಕಿಂಗ್ ಆಗಿ, ವ್ಯಾಲಿಡ್ ಅನ್ನು 0ಯಿಂದ 1ಕ್ಕೆ ಏರಿಸುತ್ತದೆ. ಕ್ಲಾಕ್ 10 ನ್ಯಾನೊಸೆಕೆಂಡಿನಲ್ಲಿ ಏರಿತು. ಈಗ ಎರಡು ಪ್ರಕ್ರಿಯೆಗಳು ಒಟ್ಟಿಗೇ ಎಚ್ಚರಗೊಂಡಿವೆ, ಎರಡೂ ಆಕ್ಟಿವ್ ಎಂಬ ಒಂದೇ ಹಂತದಲ್ಲಿವೆ. ಇವುಗಳಲ್ಲಿ ಮೊದಲು ಯಾವುದು ಓಡಬೇಕೆಂದು, ಡಿಸೈನ್ ಬರೆಯುವ ಭಾಷೆಯಾದ ವೆರಿಲಾಗ್‌ನ ಪ್ರಮಾಣಗ್ರಂಥ ಹೇಳುವುದಿಲ್ಲ. ಆ ಸ್ವಾತಂತ್ರ್ಯವನ್ನು ಸಿಮ್ಯುಲೇಟರಿಗೆ ಬಿಟ್ಟುಕೊಟ್ಟಿದೆ. ಯಾವುದು ಮೊದಲು ಎಂಬುದರ ಮೇಲೆ ಫಲಿತಾಂಶ ನಿಲ್ಲುವ ಈ ಪೈಪೋಟಿಯೇ ರೇಸ್. ಟೆಸ್ಟ್‌ಬೆಂಚ್ ಮೊದಲು ಓಡಿದರೆ ಫ್ಲಿಪ್‌ಫ್ಲಾಪ್ 1ನ್ನು ಹಿಡಿಯುತ್ತದೆ. ಡಿಸೈನ್ ಮೊದಲು ಓಡಿದರೆ 0ಯನ್ನು ಹಿಡಿದು, 1 ಕಾಣಲು ಇನ್ನೊಂದು ಸೈಕಲ್ ಕಾಯುತ್ತದೆ. ಸಿಗ್ನಲ್ಲುಗಳ ಏರಿಳಿತದ ಚಿತ್ರವಾದ ವೇವ್‌ಫಾರಂ ತೆರೆದರೂ ಏನೂ ತಿಳಿಯದು. ಕ್ಲಾಕೂ ವ್ಯಾಲಿಡ್ಡೂ ಒಂದೇ ಗೆರೆಯ ಮೇಲೆ ಏರಿ ನಿಂತಿರುತ್ತವೆ.

ಇದು ಬರಿಯ ಪಾಠದ ತೊಡಕಲ್ಲ. ಸಿಮ್ಯುಲೇಟರಿನ ಹೊಸ ಆವೃತ್ತಿ ಬಂದಾಗ, ಆಪ್ಟಿಮೈಸೇಷನ್ ಆಯ್ಕೆ ಬದಲಿಸಿದಾಗ, ಡೀಬಗ್‌ಗೆಂದು ಒಂದು ಸಾಲು ಸೇರಿಸಿದಾಗ ನಿನ್ನೆಯವರೆಗೆ ಪಾಸಾಗುತ್ತಿದ್ದ ಟೆಸ್ಟು ಇದ್ದಕ್ಕಿದ್ದಂತೆ ಒಂದು ಸೈಕಲ್ ಹಿಂದುಮುಂದಾಗುವುದು ಇದರಿಂದಲೇ. #0 ಹಾಕಿ ಸರಿಪಡಿಸಲು ಹೋಗುವವರೂ ಇದ್ದಾರೆ. ಅದು ಪ್ರಕ್ರಿಯೆಯನ್ನು ಅದೇ ಕಾಲದ ಮುಂದಿನ ಹಂತಕ್ಕೆ ತಳ್ಳುತ್ತದೆ, ಅಷ್ಟೇ. ಇನ್ನೊಬ್ಬರು ಇನ್ನೊಂದು #0 ಹಾಕಿದ ಕೂಡಲೇ ರೇಸ್ ಮರಳಿ ಬರುತ್ತದೆ. ಅದನ್ನು ನಾನು ಆಯ್ಕೆಗಳ ಪಟ್ಟಿಗೇ ಸೇರಿಸುವುದಿಲ್ಲ.

ಇಳಿಅಂಚಿನ ದಾರಿ

ಕ್ಲಾಕಿನ ಏರುಅಂಚು ಡಿಸೈನಿಗೆ, ಇಳಿಅಂಚು ಟೆಸ್ಟ್‌ಬೆಂಚಿಗೆ ಎಂದು ಹಂಚಿಕೊಂಡುಬಿಡುವುದು ಅತ್ಯಂತ ಸರಳ ಉಪಾಯ. ಇಳಿಅಂಚಿನಲ್ಲಿ ಇನ್‌ಪುಟ್ ಬದಲಿಸಿದರೆ ಏರುಅಂಚು ಬರುವ ಹೊತ್ತಿಗೆ ಅರ್ಧ ಸೈಕಲ್ ಕಳೆದು ಎಲ್ಲವೂ ನೆಲೆಗೆ ನಿಂತಿರುತ್ತದೆ. ಯಾವ ವಿಶೇಷ ಸಿಂಟ್ಯಾಕ್ಸೂ ಬೇಡ. 1995ರ ವೆರಿಲಾಗ್ ಬಲ್ಲ ಸಿಮ್ಯುಲೇಟರಿನಲ್ಲೂ ಓಡುತ್ತದೆ. ವೇವ್‌ಫಾರಂ ನೋಡಿದವರಿಗೆ ಯಾವ ಬೆಲೆ ಯಾವ ಅಂಚಿಗೆ ಸೇರಿದ್ದು ಎಂದು ಕಣ್ಣಿಗೇ ಕಾಣುತ್ತದೆ. ಗೇಟ್ ಲೆವೆಲ್ ಸಿಮ್ಯುಲೇಷನ್ನಿನಲ್ಲೂ ಹೋಲ್ಡ್ (ಅಂಚಿನ ನಂತರ ಡೇಟಾ ಕದಲದೆ ಇರಬೇಕಾದ ಹೊತ್ತು) ಉಲ್ಲಂಘನೆಯ ಭಯ ಕಡಿಮೆ. ಕಲಿಯುವವರಿಗೆ, ಸಣ್ಣ ಬ್ಲಾಕುಗಳಿಗೆ ಇದನ್ನು ನಾನು ಮನಃಪೂರ್ವಕ ಒಪ್ಪುತ್ತೇನೆ.

ಇದರ ಮಿತಿ ಗೊತ್ತಾಗುವುದು, ಕಳಿಸುವವರ ವ್ಯಾಲಿಡ್ಡೂ ಪಡೆಯುವವರ ರೆಡಿಯೂ 1 ಆದಾಗ ಡೇಟಾ ಸಾಗುವ ವ್ಯಾಲಿಡ್–ರೆಡಿ ಕೈಕುಲುಕಾಟದಂಥ ಪ್ರೋಟೋಕಾಲ್ ಬಂದಾಗ. ಡಿಸೈನಿನ ರೆಡಿ ಔಟ್‌ಪುಟ್ ರಿಜಿಸ್ಟರಿನಿಂದ ಬರುತ್ತಿದ್ದರೆ ತೊಂದರೆಯಿಲ್ಲ. ಅದು ವ್ಯಾಲಿಡ್ ಇನ್‌ಪುಟ್ಟನ್ನು ನೇರವಾಗಿ ನೋಡಿ ಕಾಂಬಿನೇಷನಲ್ ಆಗಿ, ಅಂದರೆ ಕ್ಲಾಕಿಗೆ ಕಾಯದೆ, ಬದಲಾಗುತ್ತಿದ್ದರೆ, ಇಳಿಅಂಚಿನಲ್ಲಿ ನೀವು ವ್ಯಾಲಿಡ್ ಏರಿಸಿದ ಗಳಿಗೆಯಲ್ಲೇ ರೆಡಿಯೂ ಬದಲಾಗುತ್ತದೆ. ಅದೇ ಇಳಿಅಂಚಿನಲ್ಲಿ ರೆಡಿಯನ್ನು ಓದುವ ಮಾನಿಟರ್ (ಸಿಗ್ನಲ್ಲುಗಳನ್ನು ಗಮನಿಸುವ ಟೆಸ್ಟ್‌ಬೆಂಚಿನ ಭಾಗ) ಹಳೆಯದನ್ನು ಓದೀತೋ ಹೊಸದನ್ನೋ? ಏರುಅಂಚಿನಿಂದ ಓಡಿಸಿದ ರೇಸ್ ಇಳಿಅಂಚಿಗೆ ಬಂದು ಕುಳಿತಿದೆ. ಪ್ರೋಟೋಕಾಲಿನ ಪ್ರಕಾರ ವರ್ಗಾವಣೆ ಆಗುವುದು ಏರುಅಂಚಿನಲ್ಲಿ. ಆಯಿತೋ ಇಲ್ಲವೋ ಎಂದು ತೀರ್ಮಾನಿಸಬೇಕಾದದ್ದೂ ಅಲ್ಲಿಯ ಬೆಲೆ ನೋಡಿಯೇ. ಇನ್ನು ಎರಡೂ ಅಂಚುಗಳಲ್ಲಿ ಡೇಟಾ ಸಾಗಿಸುವ ಡಿಡಿಆರ್ ಇಂಟರ್‌ಫೇಸಿಗೆ ಈ ದಾರಿ ಒಗ್ಗುವುದೇ ಇಲ್ಲ. ಡಿಸೈನಿನೊಳಗೇ ಇಳಿಅಂಚಿನ ಫ್ಲಿಪ್‌ಫ್ಲಾಪುಗಳಿದ್ದರೂ ಅಷ್ಟೇ.

ಅಂಚಿನ ನಂತರ #1

ಏರುಅಂಚಿಗೆ ಕಾದು, #1 ಕಳೆದ ಮೇಲೆ ಇನ್‌ಪುಟ್ ಬದಲಿಸುವುದು ಹಳೆಯ ಕೋಡಿನ ಮೆಚ್ಚಿನ ರೂಢಿ. ಅಂಚು ಕಳೆದ ನಂತರವೇ ಬದಲಾವಣೆ ಆಗುವುದರಿಂದ ಫ್ಲಿಪ್‌ಫ್ಲಾಪ್ ಹಳೆಯ ಬೆಲೆಯನ್ನೇ ಹಿಡಿಯುತ್ತದೆ, ಖಚಿತತೆ ಸಿಕ್ಕಿತು. ವೇವ್‌ಫಾರಂ ಕೂಡ ಓದಲು ಸುಲಭ, ಅಂಚು ಮುಗಿದು ತುಸು ಆಚೆ ಡೇಟಾ ಹೊರಳುವುದು ಕಾಣುತ್ತದೆ.

ಆದರೆ ಆ 1 ಎಷ್ಟು? ಫೈಲಿಗೆ ಅನ್ವಯವಾಗುವ ಟೈಮ್‌ಸ್ಕೇಲ್, ಅಂದರೆ ಕಾಲದ ಘಟಕವನ್ನು ಗೊತ್ತುಮಾಡುವ ಸಾಲು, ಹೇಳಿದಷ್ಟು. ಘಟಕ 1 ನ್ಯಾನೊಸೆಕೆಂಡ್ ಆಗಿದ್ದು, ಕ್ಲಾಕ್ 1.25 ಗಿಗಾಹರ್ಟ್ಸ್‌ನದಾದರೆ, ಇಡೀ ಸೈಕಲ್ಲೇ 0.8 ನ್ಯಾನೊಸೆಕೆಂಡ್. #1 ಮುಗಿಯುವ ಹೊತ್ತಿಗೆ ಮುಂದಿನ ಅಂಚೇ ದಾಟಿಹೋಗಿರುತ್ತದೆ. ಘಟಕ 1 ಪಿಕೊಸೆಕೆಂಡ್ ಆಗಿದ್ದರೆ ಅದೇ #1 ಆರ್‌ಟಿಎಲ್‌ನಲ್ಲಿ ಸರಿಯಾಗಿ ಕೆಲಸ ಮಾಡಿ, ಗೇಟ್ ಲೆವೆಲ್‌ನಲ್ಲಿ ಹೋಲ್ಡ್ ಸಮಯಕ್ಕೆ ಎಲ್ಲಿಯೂ ಸಾಲದೆ ಬೀಳುತ್ತದೆ. ಸಿಗ್ನಲ್ ಕೊಡುವ ವಿಧಾನ ಕಾಲದ ಅಳತೆಯ ಕೈಗೆ ಸಿಕ್ಕಿಬೀಳುವುದು ಇಲ್ಲಿಯೇ. #1 ಬಳಸಲೇಬೇಕಾದರೆ ಘಟಕವನ್ನು ಬಿಡಿಸಿ ಬರೆಯಿರಿ: ಬರೀ 1 ಅಲ್ಲ, 200 ಪಿಕೊಸೆಕೆಂಡ್ ಎಂದೇ ಬರೆಯಲು ವೆರಿಲಾಗ್‌ನ ವಿಸ್ತೃತ ರೂಪವಾದ ಸಿಸ್ಟಂವೆರಿಲಾಗ್ ಅವಕಾಶ ಕೊಡುತ್ತದೆ.

ಓದುವುದಕ್ಕೆ #1 ಬಳಸುವುದು ಇನ್ನೂ ಎಡವಟ್ಟು. ಅಂಚಿನ ನಂತರ ಓದಿದರೆ ಸಿಗುವುದು ಹೊಸ ಬೆಲೆ. ಫ್ಲಿಪ್‌ಫ್ಲಾಪುಗಳು ಕಂಡದ್ದು ಹಳೆಯ ಬೆಲೆ. ಮಾನಿಟರ್ ಒಂದು ಲೆಕ್ಕ, ಡಿಸೈನ್ ಇನ್ನೊಂದು ಲೆಕ್ಕ ಇಟ್ಟುಕೊಂಡರೆ, ಬಂದ ಫಲಿತಾಂಶವನ್ನು ನಿರೀಕ್ಷಿತ ಫಲಿತಾಂಶದೊಂದಿಗೆ ಹೋಲಿಸುವ ಸ್ಕೋರ್‌ಬೋರ್ಡಿನಲ್ಲಿ ಒಂದು ಸೈಕಲಿನ ವ್ಯತ್ಯಾಸವನ್ನು ಎಲ್ಲಾದರೂ ಒಂದು ಕಡೆ ಕೂಡಿ ಕಳೆದು ಹೊಂದಿಸಬೇಕಾಗುತ್ತದೆ. ಆ ಹೊಂದಾಣಿಕೆಗೆ ಕಾರಣವೇನೆಂದು ಆರು ತಿಂಗಳ ಬಳಿಕ ಓದುವವರಿಗೆ ಗೊತ್ತಾಗುವುದಿಲ್ಲ.

ನಾನ್‌ಬ್ಲಾಕಿಂಗ್ ಆಗಿ ಕೊಡುವುದು

ಟೆಸ್ಟ್‌ಬೆಂಚಿನಲ್ಲೂ ಡಿಸೈನಿನ ಹಾಗೆಯೇ <= ಬಳಸಿ ಇನ್‌ಪುಟ್ ಕೊಟ್ಟರೆ, ಬದಲಾವಣೆ ಅದೇ ಕಾಲದ ಎನ್‌ಬಿಎ (ನಾನ್‌ಬ್ಲಾಕಿಂಗ್ ಅಸೈನ್‌ಮೆಂಟ್) ಹಂತಕ್ಕೆ ಮುಂದೂಡಲ್ಪಡುತ್ತದೆ. ಆಕ್ಟಿವ್ ಹಂತದಲ್ಲಿ ಎಲ್ಲರೂ ಹಳೆಯ ಬೆಲೆಯನ್ನು ಓದಿ ಮುಗಿಸಿದ ಮೇಲೆ ಹೊಸ ಬೆಲೆ ಕೂರುತ್ತದೆ. ಟೈಮ್‌ಸ್ಕೇಲಿನ ಹಂಗಿಲ್ಲ, ಹೊಸ ಸಿಂಟ್ಯಾಕ್ಸ್ ಬೇಡ, ಉಚಿತ ಸಿಮ್ಯುಲೇಟರುಗಳಲ್ಲೂ ಓಡುತ್ತದೆ. ಎಫ್‌ಪಿಜಿಎ (ಬೇಕಾದಂತೆ ಮತ್ತೆ ಮತ್ತೆ ರೂಪಿಸಬಲ್ಲ ಚಿಪ್) ಕೆಲಸ ಮಾಡುವ, ಗೇಟ್ ಲೆವೆಲ್‌ಗೆ ಹೋಗದ ಸಣ್ಣ ತಂಡಕ್ಕೆ ದಿನನಿತ್ಯದ ಆಯ್ಕೆಯಾಗಿ ನಾನು ಹೇಳುವುದು ಇದನ್ನೇ.

ಎರಡು ಷರತ್ತುಗಳಿವೆ. ಕ್ಲಾಕನ್ನು ಮಾತ್ರ <= ಇಂದ ಹುಟ್ಟಿಸಬಾರದು. ಕ್ಲಾಕನ್ನು ಎರಡರಿಂದ ಭಾಗಿಸುವ ಡಿವೈಡರ್ <= ಬಳಸಿದರೆ, ಭಾಗಿಸಿದ ಕ್ಲಾಕಿನ ಅಂಚು ಎನ್‌ಬಿಎ ಹಂತದಲ್ಲಿ ಏರುತ್ತದೆ; ಮೂಲ ಕ್ಲಾಕಿನ ಡೇಟಾ ಕೂಡ ಅದೇ ಹಂತದಲ್ಲಿ ಬದಲಾಗುತ್ತದೆ. ಭಾಗಿಸಿದ ಕ್ಲಾಕಿನ ಫ್ಲಿಪ್‌ಫ್ಲಾಪ್ ಎಚ್ಚರವಾಗುವ ಹೊತ್ತಿಗೆ ಹೊಸ ಡೇಟಾ ಬಂದು ಕೂತಿರುತ್ತದೆ, ಒಂದು ಸೈಕಲ್ ನುಂಗಿಹೋಗುತ್ತದೆ. ಎರಡನೆಯ ಷರತ್ತು ಗೇಟ್ ಲೆವೆಲಿನದು. ನೆಟ್‌ಲಿಸ್ಟಿನಲ್ಲಿ ಕ್ಲಾಕ್ ಪಿನ್ನಿನಿಂದ ಫ್ಲಿಪ್‌ಫ್ಲಾಪ್ ತಲುಪಲು, ಕ್ಲಾಕನ್ನು ಚಿಪ್ಪಿನುದ್ದಕ್ಕೂ ಹಂಚುವ ಕ್ಲಾಕ್ ಮರದ ಬಫರುಗಳನ್ನೆಲ್ಲ ಹಾದು ಬರಬೇಕು. ಪಿನ್ನಿನಲ್ಲಿ ಶೂನ್ಯ ವಿಳಂಬದಿಂದ ಬದಲಾದ ಡೇಟಾ ಆ ಕ್ಲಾಕಿಗಿಂತ ಮೊದಲೇ ಫ್ಲಿಪ್‌ಫ್ಲಾಪಿನ ಬಾಗಿಲಿಗೆ ಬರುತ್ತದೆ. ಹೋಲ್ಡ್ ಉಲ್ಲಂಘನೆಯ ಸಂದೇಶಗಳು ಸುರಿಯತೊಡಗುತ್ತವೆ, ಔಟ್‌ಪುಟ್ಟುಗಳೆಲ್ಲ ಎಕ್ಸ್, ಅಂದರೆ 0ಯೋ 1ಓ ಗೊತ್ತಿಲ್ಲದ ಸ್ಥಿತಿ, ಆಗುತ್ತವೆ. ಡಿಸೈನಿನಲ್ಲಿ ಏನೂ ದೋಷವಿಲ್ಲದಿದ್ದರೂ ವಾರಗಟ್ಟಲೆ ಹುಡುಕಾಟ ನಡೆಯುವುದು ಇಂಥ ಕಡೆ.

ಕ್ಲಾಕಿಂಗ್ ಬ್ಲಾಕ್

ಸಿಸ್ಟಂವೆರಿಲಾಗ್ 2005ರಲ್ಲಿ ಐಇಇಇ 1800 ಎಂಬ ಪ್ರಮಾಣವಾದಾಗ ಕ್ಲಾಕಿಂಗ್ ಬ್ಲಾಕ್ ಅದರೊಂದಿಗೇ ಇತ್ತು. ಯಾವ ಕ್ಲಾಕಿಗೆ ಯಾವ ಸಿಗ್ನಲ್ ಸೇರಿದ್ದು, ಅಂಚಿಗೆ ಎಷ್ಟು ಮುಂಚೆ ಓದಬೇಕು, ಎಷ್ಟು ನಂತರ ಕೊಡಬೇಕು ಎಂಬುದನ್ನು ಇಂಟರ್‌ಫೇಸಿನೊಳಗೆ ಒಂದೇ ಕಡೆ ಬರೆದಿಡುವ ವ್ಯವಸ್ಥೆ ಇದು. ಟೆಸ್ಟಿನ ಉಳಿದ ಕೋಡಿನಲ್ಲಿ ಕಾಲದ ಸುದ್ದಿಯೇ ಬರುವುದಿಲ್ಲ.

ಏನನ್ನೂ ಹೇಳದಿದ್ದರೆ ಓದುವ ಅಂತರ #1ಸ್ಟೆಪ್, ಕೊಡುವ ಅಂತರ ಶೂನ್ಯ. ಈ 1ಸ್ಟೆಪ್ ಬಗ್ಗೆ ತುಸು ನಿಂತು ಹೇಳಬೇಕು, ಏಕೆಂದರೆ ಹೆಚ್ಚಿನ ಗೊಂದಲ ಇದರದೇ. ಇಡೀ ಡಿಸೈನಿನಲ್ಲಿ ಎಲ್ಲೆಲ್ಲಿ ಎಷ್ಟು ನಿಖರತೆ ಕೊಟ್ಟಿದ್ದಾರೋ ಅವುಗಳಲ್ಲಿ ಅತಿ ಚಿಕ್ಕದು ಒಂದು ಸ್ಟೆಪ್. ಹಾಗೆಂದು ಓದುವ ಅಂತರವಾಗಿ ಬಂದಾಗ ಸಿಮ್ಯುಲೇಟರ್ ಅಷ್ಟು ಹಿಂದಕ್ಕೆ ಎಣಿಸಿ ಹೋಗುವುದಿಲ್ಲ. ಅಂಚು ಬರುವ ಕಾಲದಲ್ಲಿ ಯಾವ ಬದಲಾವಣೆಯೂ ಆರಂಭವಾಗುವ ಮೊದಲಿನ ಪ್ರಿಪೋನ್ಡ್ ಹಂತದ ಬೆಲೆಯನ್ನು ತೆಗೆದುಕೊಳ್ಳುತ್ತದೆ. ಗಂಟೆ ಬಾರಿಸುವ ಮುನ್ನವೇ ಹಾಜರಿ ತೆಗೆದುಬಿಟ್ಟ ಹಾಗೆ. ಆದ್ದರಿಂದ ನಿಖರತೆ ಪಿಕೊಸೆಕೆಂಡಿನದಿರಲಿ ಫೆಮ್ಟೊಸೆಕೆಂಡಿನದಿರಲಿ, ಓದಿದ ಬೆಲೆ ಒಂದೇ. ಕಾಲದ ಅಳತೆಗೆ ಕಟ್ಟುಬೀಳದ, ಫೈಲುಗಳ ಕ್ರಮಕ್ಕೂ ಕಟ್ಟುಬೀಳದ ಓದು ಇದು. ಇನ್ನೊಂದು ಲಾಭವೂ ಇದೆ. ಡಿಸೈನ್ ನಿಯಮ ಪಾಲಿಸುತ್ತಿದೆಯೇ ಎಂದು ಕ್ಲಾಕಿನ ಅಂಚುಗಳಲ್ಲಿ ಪರೀಕ್ಷಿಸುವ ಕನ್ಕರೆಂಟ್ ಅಸರ್ಷನ್ನುಗಳು ಸಿಗ್ನಲ್ ಓದುವುದೂ ಇದೇ ಪ್ರಿಪೋನ್ಡ್ ಹಂತದ ಬೆಲೆಯನ್ನು. ಅಸರ್ಷನ್ ತಪ್ಪು ಎಂದಾಗ ಮಾನಿಟರೂ ತಪ್ಪು ಎನ್ನುತ್ತದೆ. ಎರಡರ ನಡುವೆ ಒಂದು ಸೈಕಲಿನ ಜಗಳ ಬರುವುದಿಲ್ಲ.

ಓದುವ ಅಂತರವನ್ನು #0 ಎಂದು ಬರೆದರೆ ಮಾತು ಪೂರ್ತಿ ಬೇರೆಯಾಗುತ್ತದೆ. ಆಗ ಬೆಲೆ ಅಬ್ಸರ್ವ್ಡ್ ಹಂತದಲ್ಲಿ, ಅಂದರೆ ಡಿಸೈನಿನ ಬದಲಾವಣೆಗಳೆಲ್ಲ ಮುಗಿದ ಮೇಲೆ ಸಿಗುತ್ತದೆ. ಸೊನ್ನೆಗೂ 1ಸ್ಟೆಪ್‌ಗೂ ಇರುವುದು ಕೂದಲೆಳೆಯ ಕಾಲವಾದರೂ ಓದಿದ್ದರಲ್ಲಿ ಒಂದು ಪೂರ್ತಿ ಸೈಕಲಿನ ಅಂತರವಿದೆ. ಖಚಿತ ಕಾರಣವಿಲ್ಲದೆ #0ಯನ್ನು ಮುಟ್ಟಬೇಡಿ.

ಕ್ಲಾಕಿಂಗ್ ಬ್ಲಾಕ್ ಬೇಡುವ ಶಿಸ್ತು ಸಣ್ಣದಲ್ಲ. ಅದನ್ನು ಬಳಸಿದ ಮೇಲೆ ಕಾಯಬೇಕಾದದ್ದೂ ಆ ಬ್ಲಾಕಿನ ಹೆಸರಿಗೇ, ಕ್ಲಾಕಿನ ಏರುಅಂಚಿಗಲ್ಲ. ಒಬ್ಬರು ಏರುಅಂಚಿಗೆ ಕಾದು ಬ್ಲಾಕಿನ ಮೂಲಕ ಓದಿದರೆ, ಹೊಸದಾಗಿ ಓದಿದ ಬೆಲೆ ಇನ್ನೂ ಸೇರಿರದೆ ಹಿಂದಿನ ಸೈಕಲಿನದೇ ಕೈಗೆ ಸಿಗಬಹುದು. 2009ರ ಪ್ರಮಾಣಗ್ರಂಥ ಈ ಕ್ರಮವನ್ನು ಬಿಗಿಗೊಳಿಸಿ, ಓದಿದ ಬೆಲೆಗಳು ಸೇರಿದ ಮೇಲೆಯೇ ಬ್ಲಾಕಿನ ಈವೆಂಟ್ ಅಬ್ಸರ್ವ್ಡ್ ಹಂತದಲ್ಲಿ ಏಳಬೇಕೆಂದು ಹೇಳಿತು. ಬ್ಲಾಕಿನ ಹೆಸರಿಗೆ ಕಾಯುವವರಿಗೆ ಮಾತ್ರ ಅದರ ರಕ್ಷಣೆ ಸಿಗುತ್ತದೆ. ಹತ್ತು ಜನರ ತಂಡದಲ್ಲಿ ಈ ಒಂದು ನಿಯಮವನ್ನು ಕೋಡ್ ವಿಮರ್ಶೆಯಲ್ಲಿ ಕಣ್ಣಿಟ್ಟು ಕಾಯಬೇಕಾಗುತ್ತದೆ.

ಎಲ್ಲಕ್ಕೂ ಇದು ಸಲ್ಲುವುದೂ ಇಲ್ಲ. ಅಸಿಂಕ್ರನಸ್ ರೀಸೆಟ್ಟು, ಯಾವ ಕ್ಲಾಕಿಗೂ ಸೇರದ ಇಂಟರಪ್ಟು ಇವುಗಳನ್ನು ಬ್ಲಾಕಿನ ಹೊರಗೆ ಇಡಬೇಕು. ಡಿಸೈನಿನ ಔಟ್‌ಪುಟ್ ನೋಡಿ ಅದೇ ಸೈಕಲಿನಲ್ಲಿ ಕಾಂಬಿನೇಷನಲ್ ಉತ್ತರ ಕೊಡಬೇಕಾದ ಮಾದರಿಗೂ ಇದು ಒದಗುವುದಿಲ್ಲ. ಓದಿದ ಬೆಲೆ ಕೈಗೆ ಬರುವ ಹೊತ್ತಿಗೆ ಅಂಚು ಆಗಲೇ ಬಂದಿರುತ್ತದೆ. ಅಂಥ ಕಡೆ ಸಾದಾ ಅಸೈನ್ ಬರೆಯುವುದೇ ಸರಿ.

ಗೇಟ್ ಲೆವೆಲಿನಲ್ಲಿ ಕ್ಲಾಕಿಂಗ್ ಬ್ಲಾಕಿನ ಮಹತ್ವ ಗೊತ್ತಾಗುತ್ತದೆ. ಕೊಡುವ ಅಂತರವನ್ನು ಶೂನ್ಯದಿಂದ, ಕ್ಲಾಕ್ ಮರದ ವಿಳಂಬವೂ ಹೋಲ್ಡ್ ಸಮಯವೂ ಸೇರಿದ್ದಕ್ಕಿಂತ ಹೆಚ್ಚಿಗೆ ಬದಲಿಸಿದರೆ ಸಾಕು. ಒಂದೇ ಸಾಲು, ಟೆಸ್ಟುಗಳನ್ನು ಮುಟ್ಟುವ ಅಗತ್ಯವಿಲ್ಲ. ಆ ಸಂಖ್ಯೆಯನ್ನು ಊಹಿಸಬೇಡಿ. ಟೈಮಿಂಗ್ ವಿಶ್ಲೇಷಣೆ ಮಾಡುವ ತಂಡ ಇನ್‌ಪುಟ್ ವಿಳಂಬಕ್ಕೆ ಬರೆದಿರುವ ಕನಿಷ್ಠ, ಗರಿಷ್ಠ ಮಿತಿಗಳ ನಡುವೆ ಅದು ಬೀಳಬೇಕು.

ವಿಎಚ್‌ಡಿಎಲ್ ಬರೆಯುವವರಿಗೆ

ಡಿಸೈನ್ ಬರೆಯುವ ಇನ್ನೊಂದು ಭಾಷೆಯಾದ, 1987ರಲ್ಲಿ ಐಇಇಇ 1076 ಆಗಿ ಬಂದ ವಿಎಚ್‌ಡಿಎಲ್‌ನಲ್ಲಿ ಈ ಚರ್ಚೆ ಬಹಳ ಚಿಕ್ಕದು. ಸಿಗ್ನಲ್ಲಿಗೆ ಕೊಟ್ಟ ಬೆಲೆ ಯಾವಾಗಲೂ ಕನಿಷ್ಠ ಒಂದು ಡೆಲ್ಟಾ ಸೈಕಲ್ (ಕಾಲ ಮುಂದೆ ಹೋಗದ ಒಂದು ಸಿಮ್ಯುಲೇಷನ್ ಹೆಜ್ಜೆ) ಬಿಟ್ಟೇ ಕೂರುತ್ತದೆ. ಟೆಸ್ಟ್‌ಬೆಂಚೂ ಡಿಸೈನೂ ಒಂದೇ ಏರುಅಂಚಿಗೆ ಎಚ್ಚರಗೊಂಡರೂ ಇಬ್ಬರೂ ಓದುವುದು ಹಳೆಯ ಬೆಲೆಯನ್ನೇ. ಶೇರ್ಡ್ ವೇರಿಯಬಲ್ಲುಗಳನ್ನು ಬಿಟ್ಟರೆ ಕ್ರಮದ ರೇಸ್ ಇಲ್ಲ. ಭಾಷೆಯೇ ಕೊಟ್ಟ ಈ ನೆಮ್ಮದಿಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಕಾಯಬೇಕಾದ ಒಂದು ಜಾಗವಿದೆ. ಡಿಸೈನಿನ ಮೇಲಿನ ಹಂತದಲ್ಲಿ ಕ್ಲಾಕಿಗೆ ಬೇರೆ ಹೆಸರು ಕೊಡಲು ಒಂದು ಸಿಗ್ನಲ್ ಅಸೈನ್‌ಮೆಂಟ್ ಬರೆದರೆ ಆ ಒಳಗಿನ ಕ್ಲಾಕ್ ಒಂದು ಡೆಲ್ಟಾ ತಡವಾಗುತ್ತದೆ. ಹೊರಗಿನ ಕ್ಲಾಕಿನಿಂದ ಟೆಸ್ಟ್‌ಬೆಂಚ್ ಕೊಟ್ಟ ಡೇಟಾ ಕೂಡ ಸರಿಯಾಗಿ ಒಂದು ಡೆಲ್ಟಾ ತಡವಾಗಿ ಬರುತ್ತದೆ. ಎರಡೂ ಒಟ್ಟಿಗೆ ಬಂದಾಗ ಫ್ಲಿಪ್‌ಫ್ಲಾಪ್ ಹೊಸ ಡೇಟಾವನ್ನು ಒಂದು ಸೈಕಲ್ ಮೊದಲೇ ಹಿಡಿಯುತ್ತದೆ. ವೆರಿಲಾಗ್‌ನ ಹಾಗೆ ಇದು ಸಿಮ್ಯುಲೇಟರಿನಿಂದ ಸಿಮ್ಯುಲೇಟರಿಗೆ ಬದಲಾಗುವುದಿಲ್ಲ, ಎಲ್ಲೆಡೆಯೂ ಒಂದೇ ರೀತಿ ತಪ್ಪಾಗುತ್ತದೆ. ಟೆಸ್ಟ್‌ಬೆಂಚಿನಿಂದ ಕೊಡುವ ಡೇಟಾಕ್ಕೆ ‘ಆಫ್ಟರ್ 1 ನ್ಯಾನೊಸೆಕೆಂಡ್’ ಎಂದು ಸೇರಿಸಿದರೆ ಇದರ ಕಾಟ ತಪ್ಪುತ್ತದೆ. ಕಾಲದ ವಿಷಯದಲ್ಲಿಯೂ ವಿಎಚ್‌ಡಿಎಲ್ ಗಟ್ಟಿ: ಕಾಲ ಎಂಬುದು ಅಲ್ಲಿ ಘಟಕವಿರುವ ಭೌತಿಕ ಪ್ರಕಾರ. ಘಟಕವಿಲ್ಲದೆ ‘ವೇಟ್ ಫಾರ್ 5’ ಎಂದರೆ ಕಂಪೈಲ್ ಆಗುವುದೇ ಇಲ್ಲ.

ಕಾಲದ ಅಳತೆ: ನಾಲ್ಕು ದಾರಿ

ವೆರಿಲಾಗ್ ಕಡೆ ಆ ಗಟ್ಟಿತನವನ್ನು ನಾವೇ ತಂದುಕೊಳ್ಳಬೇಕು. ಟೈಮ್‌ಸ್ಕೇಲ್ ನಿರ್ದೇಶನದಲ್ಲಿ ಎರಡು ಅಂಕಿಗಳಿರುತ್ತವೆ: ಮೊದಲನೆಯದು ಘಟಕ, ಅಂದರೆ #1ರ ಅರ್ಥ, ಎರಡನೆಯದು ನಿಖರತೆ, ಅಂದರೆ ವಿಳಂಬಗಳನ್ನು ಎಲ್ಲಿಗೆ ದುಂಡಾಗಿಸಬೇಕೆಂಬ ಮಿತಿ. ಎರಡಕ್ಕೂ 1, 10, 100 ಇವಿಷ್ಟೇ ಸಲ್ಲುವ ಅಂಕಿಗಳು.

ನಿಖರತೆಯನ್ನು ಕಡೆಗಣಿಸಿದರೆ ಏನಾಗುತ್ತದೆಂದು 300 ಮೆಗಾಹರ್ಟ್ಸ್ ಕ್ಲಾಕಿನಲ್ಲಿ ನೋಡಿ. ಸೈಕಲ್ 3.333 ನ್ಯಾನೊಸೆಕೆಂಡ್, ಅರ್ಧ ಸೈಕಲ್ 1.667. ಟೈಮ್‌ಸ್ಕೇಲ್ 1 ನ್ಯಾನೊ/1 ನ್ಯಾನೊ ಆಗಿದ್ದರೆ 1.667 ದುಂಡಾಗಿ 2 ಆಗುತ್ತದೆ. ನಿಮ್ಮ ಕ್ಲಾಕ್ 4 ನ್ಯಾನೊಸೆಕೆಂಡಿನ 250 ಮೆಗಾಹರ್ಟ್ಸ್ ಕ್ಲಾಕ್ ಆಯಿತು. ನಿಖರತೆ 100 ಪಿಕೊ ಆಗಿದ್ದರೆ ಅರ್ಧ ಸೈಕಲ್ 1.7, ಪೂರ್ತಿ 3.4, ಅಂದರೆ ಸುಮಾರು 294 ಮೆಗಾಹರ್ಟ್ಸ್. 1 ಪಿಕೊ ಆಗಿದ್ದರೆ 3.334, ಸುಮಾರು 299.94. ಎಲ್ಲೂ ಎಚ್ಚರಿಕೆಯ ಸಂದೇಶ ಬರುವುದಿಲ್ಲ. ಎರಡು ಕ್ಲಾಕುಗಳ ನಡುವೆ ಡೇಟಾ ದಾಟಿಸುವ ಫೈಫೊದಂಥ (ಮೊದಲು ಬಂದ ಡೇಟಾ ಮೊದಲು ಹೊರಡುವ ಸಾಲಿನಂಥ) ಡಿಸೈನಿನಲ್ಲಿ ಈ ತಪ್ಪು ಅನುಪಾತದಲ್ಲಿ ತುಂಬದ ಫೈಫೊ ನಿಜವಾದ ಚಿಪ್ಪಿನಲ್ಲಿ ತುಂಬಿ ಹರಿಯಬಹುದು. ಇದರ ಜೊತೆಗೆ ಸೈಕಲಿಗೆ 5 ಎಂಬ ಪೂರ್ಣಾಂಕದ ಪ್ಯಾರಾಮೀಟರ್ ಇಟ್ಟು ಅರ್ಧ ಸೈಕಲಿಗೆ ಅದನ್ನು 2ರಿಂದ ಭಾಗಿಸಿದರೆ ಬರುವುದು 2.5 ಅಲ್ಲ, 2, 2.0ಯಿಂದ ಭಾಗಿಸಬೇಕು.

ಈಗ ನಾಲ್ಕು ದಾರಿಗಳು. ಮೊದಲನೆಯದು ಎಲ್ಲರಿಗೂ ಪರಿಚಿತವಾದ, ಫೈಲಿನ ತಲೆಯ ಮೇಲಿನ ಟೈಮ್‌ಸ್ಕೇಲ್ ನಿರ್ದೇಶನ. ಎಲ್ಲ ಸಲಕರಣೆಗಳಿಗೂ ಅರ್ಥವಾಗುತ್ತದೆ. ಆದರೆ ಅದು ಫೈಲಿನ ಕೊನೆಯಲ್ಲಿ ನಿಲ್ಲುವುದಿಲ್ಲ. ಅದೇ ಕಂಪೈಲಿನಲ್ಲಿ ಮುಂದೆ ಬರುವ ಫೈಲುಗಳಿಗೂ, ಇನ್ನೊಂದು ನಿರ್ದೇಶನ ಸಿಗುವವರೆಗೆ, ಹರಿಯುತ್ತದೆ. ಹೊರಗಿನಿಂದ ತಂದ ಮೆಮೊರಿ ಮಾಡೆಲ್ 1 ಪಿಕೊ/1 ಪಿಕೊ ಎಂದು ಹೇಳಿ ಮುಗಿದಿದೆ, ಅದರ ನಂತರ ನಿರ್ದೇಶನವಿಲ್ಲದ ನಿಮ್ಮ ಫೈಲ್ ಬರುತ್ತದೆ ಎಂದಿಟ್ಟುಕೊಳ್ಳಿ. ಅರ್ಧ ಸೈಕಲಿಗೆ ಬರೆದ #5 ಈಗ 5 ಪಿಕೊಸೆಕೆಂಡ್. 100 ಮೆಗಾಹರ್ಟ್ಸ್ ಇರಬೇಕಾದ ಕ್ಲಾಕ್ 100 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದೆ. ಶುದ್ಧ ಆರ್‌ಟಿಎಲ್ ಇದನ್ನು ಗಮನಿಸುವುದೇ ಇಲ್ಲ, ಟೆಸ್ಟು ಪಾಸಾಗುತ್ತದೆ. ಕ್ಲಾಕ್ ಹುಟ್ಟಿಸುವ ಸರ್ಕ್ಯೂಟಾದ ಪಿಎಲ್‌ಎಲ್‌ನ ಮಾಡೆಲ್ ಬಂದ ದಿನ ಲಾಕ್ ಆಗದೆ ಕೂರುತ್ತದೆ. ಯಾವ ನಿರ್ದೇಶನವೂ ಮೊದಲು ಬಂದಿರದಿದ್ದರೆ ಸಿಮ್ಯುಲೇಟರಿನ ಸ್ವಂತ ರೂಢಿ ಅನ್ವಯ. ಐಕೇರಸ್‌ನಲ್ಲಿ ಅದು 1 ಸೆಕೆಂಡ್.

ಎರಡನೆಯದು ಸಿಸ್ಟಂವೆರಿಲಾಗ್ ತಂದ ಟೈಮ್‌ಯೂನಿಟ್, ಟೈಮ್‌ಪ್ರಿಸಿಷನ್ ಹೇಳಿಕೆಗಳು. ಇವು ಮಾಡ್ಯೂಲ್, ಇಂಟರ್‌ಫೇಸ್, ಪ್ಯಾಕೇಜಿನ ಒಳಗೆ, ಎಲ್ಲ ಸಾಲುಗಳಿಗಿಂತ ಮೊದಲು ಬರಬೇಕು. ಹೇಳಿದ್ದು ಅಲ್ಲಿಗೆ ಮಾತ್ರ; ಒಳಗೆ ಹರಿದುಬರುವುದೂ ಇಲ್ಲ, ಹೊರಗೆ ಸೋರುವುದೂ ಇಲ್ಲ. ಹೊಸ ಕೋಡಿಗೆ ನನ್ನ ಸ್ಪಷ್ಟ ಆಯ್ಕೆ ಇದು. ಪ್ಯಾಕೇಜಿನಲ್ಲಿ ಬರೆಯಲು ಮರೆಯಬೇಡಿ. ಕ್ಲಾಸುಗಳಿಗೆ ತಮ್ಮದೇ ಘಟಕವಿಲ್ಲ, ಅವು ಇರುವ ಪ್ಯಾಕೇಜಿನದೇ ಅವಕ್ಕೂ. ಟೆಸ್ಟ್‌ಬೆಂಚ್ ಕಟ್ಟಲು ಬಳಸುವ ಸಿಸ್ಟಂವೆರಿಲಾಗ್ ಲೈಬ್ರರಿಯಾದ ಯುವಿಎಂನ ಸೀಕ್ವೆನ್ಸಿನಲ್ಲಿ ಬರೆದ #100 ಎಷ್ಟೆಂದು ಕೇಳಿದರೆ ಉತ್ತರ ಪ್ಯಾಕೇಜಿನಲ್ಲಿದೆ.

ಮೂರನೆಯದು ಘಟಕವನ್ನು ಅಂಕಿಯ ಪಕ್ಕದಲ್ಲೇ ಬರೆಯುವುದು: 5 ನ್ಯಾನೊಸೆಕೆಂಡ್, 200 ಪಿಕೊಸೆಕೆಂಡ್. ಓದುವವರಿಗೆ ಇದಕ್ಕಿಂತ ನೇರವಾದದ್ದಿಲ್ಲ. ಆದರೆ ಇದು ನಿಖರತೆಯನ್ನು ಮೀರಲಾರದು. 1 ನ್ಯಾನೊ/1 ನ್ಯಾನೊ ಮಾಡ್ಯೂಲಿನಲ್ಲಿ 100 ಪಿಕೊಸೆಕೆಂಡ್ ಎಂದು ಬರೆದರೆ ದುಂಡಾಗಿ ಸೊನ್ನೆಯಾಗುತ್ತದೆ, ವಿಳಂಬವೇ ಮಾಯ. ಇನ್ನೊಂದು ಮಾತು: ಬರೆದ ಘಟಕ ಆ ಸಾಲನ್ನು ದಾಟಿ ಬರುವುದಿಲ್ಲ. 5 ನ್ಯಾನೊಸೆಕೆಂಡ್ ಎಂಬುದು ನ್ಯಾನೊ ಘಟಕದ ಮಾಡ್ಯೂಲಿನಲ್ಲಿ 5.0 ಎಂಬ ಬರಿಯ ಸಂಖ್ಯೆ. ಅದನ್ನು ಪಿಕೊ ಘಟಕದ ಪ್ಯಾಕೇಜಿನ ಟಾಸ್ಕಿಗೆ ಕಳುಹಿಸಿದರೆ ಅಲ್ಲಿ 5 ಪಿಕೊಸೆಕೆಂಡ್ ಆಗುತ್ತದೆ, ಸಾವಿರ ಪಟ್ಟು ವ್ಯತ್ಯಾಸ. ಈ ತೊಡಕಿಗೆಂದೇ ಯುವಿಎಂನಲ್ಲಿ ಕಾಲವನ್ನು ಘಟಕಸಮೇತ ಹೊತ್ತೊಯ್ಯುವ ಒಂದು ಕ್ಲಾಸ್ ಇದೆ. ಹೀಗಾಗಿ ಎರಡನೆಯ, ಮೂರನೆಯ ದಾರಿಗಳು ಜೊತೆಯಾಗಿ ಬರಬೇಕು: ಒಳಗೆ ಟೈಮ್‌ಯೂನಿಟ್, ಪ್ರತಿ ವಿಳಂಬದ ಪಕ್ಕ ಘಟಕ, ಇಡೀ ಪ್ರಾಜೆಕ್ಟಿಗೆ ಒಂದೇ ಅಳತೆ.

ನಾಲ್ಕನೆಯದು ಕಮಾಂಡ್ ಸಾಲಿನಲ್ಲಿ ಸಿಮ್ಯುಲೇಟರಿಗೆ ಕೊಡುವ ಆಯ್ಕೆ. ಏನೂ ಹೇಳದ ಹಳೆಯ ಫೈಲುಗಳಿಗೆ ಆಸರೆಯಾಗಿ ಒಳ್ಳೆಯದು. ಕೋಡಿನಲ್ಲಿ ಕಾಣದ್ದರಿಂದ ಅದೊಂದನ್ನೇ ನೆಚ್ಚಿಕೊಳ್ಳುವುದು ತರವಲ್ಲ. ಮೇಕ್‌ಫೈಲ್ ಬದಲಾದ ದಿನ ಅರ್ಥವೂ ಬದಲಾಗುತ್ತದೆ.

ನಿಖರತೆ ಎಷ್ಟಿರಬೇಕು? ಸಾಮಾನ್ಯ ಡಿಜಿಟಲ್ ಕೆಲಸಕ್ಕೆ 1 ಪಿಕೊಸೆಕೆಂಡ್ ಸಾಕು. ಸರ್ಡೆಸ್ (ಅತಿವೇಗದ ಸರಣಿ ಸಂಪರ್ಕದ ಸರ್ಕ್ಯೂಟ್) ಅಥವಾ ಪಿಎಲ್‌ಎಲ್‌ನಂಥ, ಜಿಟ್ಟರ್, ಅಂದರೆ ಅಂಚುಗಳ ಕಾಲದ ಸಣ್ಣ ಏರುಪೇರು, ಅಳೆಯುವ ಮಾಡೆಲ್ ಇದ್ದರೆ ಫೆಮ್ಟೊಸೆಕೆಂಡ್ ಬೇಕಾಗಬಹುದು. ಎಲ್ಲೋ ಒಂದು ಮಾಡ್ಯೂಲ್ ಫೆಮ್ಟೊ ಎಂದರೂ ಇಡೀ ಸಿಮ್ಯುಲೇಷನ್ನಿನ ಕಾಲದ ಚಕ್ರ ಅದಕ್ಕಿಳಿಯುತ್ತದೆ, ವೇಗ ತಗ್ಗಬಹುದು. 64 ಬಿಟ್ಟಿನ ಕಾಲದ ಎಣಿಕೆ ಪಿಕೊಸೆಕೆಂಡಿನಲ್ಲಿ ಸುಮಾರು 213 ದಿನ ಬಂದರೆ ಫೆಮ್ಟೊಸೆಕೆಂಡಿನಲ್ಲಿ ಸುಮಾರು 5 ಗಂಟೆಗೆ ಮುಗಿಯುತ್ತದೆ. ಹೆಚ್ಚಿನ ಸಿಮ್ಯುಲೇಷನ್ನುಗಳಿಗೆ ಇದು ಅಡ್ಡಿಯೇ ಅಲ್ಲ.

ಯಾರಿಗೆ ಯಾವುದು

ಐಕೇರಸ್ ಹಾಕಿಕೊಂಡು ಲ್ಯಾಬಿನ ಕೌಂಟರ್, ಎಫ್‌ಎಸ್‌ಎಂ (ಸ್ಟೇಟ್ ಮಷೀನ್) ಪರೀಕ್ಷಿಸುವ ವಿದ್ಯಾರ್ಥಿಗೆ ಇಳಿಅಂಚೇ ಇರಲಿ. ಪ್ರತಿ ಫೈಲಿನ ಮೇಲೂ ಟೈಮ್‌ಸ್ಕೇಲ್ 1 ನ್ಯಾನೊ/1 ಪಿಕೊ ಇರಲಿ. ಒಂದೇ ಫೈಲಿನಲ್ಲಿ ಬರೆದು ಉಳಿದವು ಆನುವಂಶಿಕವಾಗಿ ಪಡೆಯಲಿ ಎಂದು ಬಿಡಬೇಡಿ. ಐಕೇರಸ್‌ನಲ್ಲಿ ಟೈಮ್‌ಸ್ಕೇಲ್ ಎಚ್ಚರಿಕೆಗಳನ್ನು ಚಾಲೂ ಮಾಡುವ ಆಯ್ಕೆಯಿದೆ, ಅದನ್ನು ಯಾವಾಗಲೂ ಹಾಕಿರಿ.

ಬಜೆಟ್ ಇಲ್ಲದ ಆದರೆ ಗಂಭೀರವಾದ ಎಫ್‌ಪಿಜಿಎ ಕೆಲಸಕ್ಕೆ ನಾನ್‌ಬ್ಲಾಕಿಂಗ್ ದಾರಿ, ಟೈಮ್‌ಯೂನಿಟ್ ಹೇಳಿಕೆ. ವೆರಿಲೇಟರ್ 2022ರಲ್ಲಿ ಬಂದ 5ನೇ ಆವೃತ್ತಿಯಿಂದ ವಿಳಂಬಗಳನ್ನು ಗೌರವಿಸುತ್ತದೆ. ಆದರೂ ಅದು ಮುಖ್ಯವಾಗಿ 0, 1 ಎರಡೇ ಸ್ಥಿತಿಗಳದ್ದು, ಎಕ್ಸ್ ಕಾಣಬೇಕಾದ ಕೆಲಸಕ್ಕೆ ಬೇರೆ ಸಿಮ್ಯುಲೇಟರ್ ಬೇಕು. ಪೈಥಾನ್ ಒಗ್ಗಿದವರು, ಆ ಭಾಷೆಯಲ್ಲೇ ಟೆಸ್ಟ್‌ಬೆಂಚ್ ಬರೆಯಲು ಬಿಡುವ ಕೊಕೊಟಿಬಿ ಕಡೆ ನೋಡಬಹುದು. ಅಲ್ಲಿ ಟೈಮರಿಗೆ ಘಟಕವನ್ನು ಹೆಸರಿಸಿಯೇ ಬರೆಯುವ ಒಳ್ಳೆಯ ರೂಢಿಯಿದೆ.

ಲೈಸೆನ್ಸಿರುವ ಸಿಮ್ಯುಲೇಟರ್, ಯುವಿಎಂ, ಮುಂದೊಂದು ದಿನ ಗೇಟ್ ಲೆವೆಲ್ ಓಟ ಇವಿದ್ದ ತಂಡಕ್ಕೆ ಕ್ಲಾಕಿಂಗ್ ಬ್ಲಾಕ್ ಬಿಟ್ಟು ಬೇರೆ ಏನನ್ನೂ ನಾನು ಹೇಳುವುದಿಲ್ಲ. ಓದುವ ಅಂತರ 1ಸ್ಟೆಪ್. ಕೊಡುವ ಅಂತರ ಆರ್‌ಟಿಎಲ್‌ನಲ್ಲೂ ಸೊನ್ನೆಯಲ್ಲದ, ಘಟಕವನ್ನು ಬಿಡಿಸಿ ಬರೆದ ಒಂದು ಬೆಲೆ; ಮೊದಲ ದಿನದಿಂದಲೇ ಹಾಗಿದ್ದರೆ ಗೇಟ್ ಲೆವೆಲಿಗೆ ಹೋಗುವಾಗ ಅಂಕಿ ಮಾತ್ರ ಬದಲಾಗುತ್ತದೆ. ಹಳೆಯ #1 ಕೋಡನ್ನು ಇದಕ್ಕೆ ಸಾಗಿಸುವವರು ಒಂದೊಂದು ಇಂಟರ್‌ಫೇಸನ್ನು ಪೂರ್ತಿಯಾಗಿ ಸಾಗಿಸಲಿ. ಒಂದೇ ಇಂಟರ್‌ಫೇಸಿನಲ್ಲಿ ಡ್ರೈವರ್ (ಇನ್‌ಪುಟ್ ಕೊಡುವ ಭಾಗ) ಬ್ಲಾಕಿನಿಂದ, ಮಾನಿಟರ್ #1ರಿಂದ ಎಂದಾದರೆ ಎರಡರ ಸೈಕಲ್ ಲೆಕ್ಕ ಕೂಡಿಬರುವುದಿಲ್ಲ.

ಹೊರಗಿನ ಐಪಿಗಳನ್ನು (ಸಿದ್ಧ ಡಿಸೈನ್ ಬ್ಲಾಕುಗಳನ್ನು) ಸೇರಿಸಿ ದೊಡ್ಡ ಎಸ್‌ಒಸಿ, ಅಂದರೆ ಇಡೀ ವ್ಯವಸ್ಥೆಯೇ ಒಂದು ಚಿಪ್ಪಿನಲ್ಲಿರುವಂತೆ, ಕಟ್ಟುವವರು ಸಿಗ್ನಲ್ ವಿಷಯಕ್ಕಿಂತ ಮೊದಲು ಅಳತೆಯ ವಿಷಯ ಮುಗಿಸಿಕೊಳ್ಳಬೇಕು. ಪ್ರತಿ ಐಪಿಯ ಮೇಲಿನ ಮಾಡ್ಯೂಲಿಗೆ $ಪ್ರಿಂಟ್‌ಟೈಮ್‌ಸ್ಕೇಲ್ ಕರೆದು ಏನು ಮುದ್ರಿಸುತ್ತದೆ ಎಂದು ಒಮ್ಮೆ ಪಟ್ಟಿ ಮಾಡಿ. ಕೆಲವಕ್ಕೆ ಅಳತೆ ಇದ್ದು ಕೆಲವಕ್ಕೆ ಇಲ್ಲದಿದ್ದರೆ ಪ್ರಮಾಣಗ್ರಂಥದ ಪ್ರಕಾರ ಅದು ದೋಷ. ಸಿಮ್ಯುಲೇಟರ್ ಅದನ್ನು ಎಚ್ಚರಿಕೆಯಷ್ಟಕ್ಕೆ ಇಳಿಸಿ ಮುಂದೆ ಹೋದರೂ ನೀವು ದೋಷವೆಂದೇ ಹಿಡಿಯಿರಿ. ಲಾಗಿನಲ್ಲಿ ಕಾಲ ಮುದ್ರಿಸಲು $ಟೈಮ್ ಬದಲು $ರಿಯಲ್‌ಟೈಮ್ ಬಳಸಿ, ಮುದ್ರಣದ ಘಟಕವನ್ನು $ಟೈಮ್‌ಫಾರ್ಮ್ಯಾಟ್‌ನಿಂದ ಒಮ್ಮೆ ಗೊತ್ತುಮಾಡಿ. $ಟೈಮ್ ಪೂರ್ಣಾಂಕಕ್ಕೆ ದುಂಡಾಗಿಸುತ್ತದೆ. ಒಂದು ನ್ಯಾನೊಸೆಕೆಂಡಿನೊಳಗೆ ನಡೆದ ಎರಡು ಘಟನೆಗಳು ಒಂದೇ ಕಾಲದ್ದಾಗಿ ಕಾಣಬಹುದು.

ಯಾವ ದಾರಿ ಹಿಡಿದರೂ ಅದನ್ನು ಪರೀಕ್ಷಿಸಲು ಒಂದು ಸುಲಭದ ಕೆಲಸವಿದೆ. ಪ್ಯಾಕೇಜುಗಳನ್ನು ಮೊದಲಿಗೇ ಬಿಟ್ಟು, ಉಳಿದ ಫೈಲುಗಳ ಪಟ್ಟಿಯನ್ನು ತಲೆಕೆಳಗು ಮಾಡಿ ಮತ್ತೆ ಕಂಪೈಲ್ ಮಾಡಿ ಅದೇ ಟೆಸ್ಟು ಓಡಿಸಿ. ಕ್ಲಾಕಿನ ಸೈಕಲ್ ಬದಲಾಗಿದ್ದರೆ ಎಲ್ಲೋ ಟೈಮ್‌ಸ್ಕೇಲ್ ಸೋರುತ್ತಿದೆ. ಸೈಕಲ್ ಅಷ್ಟೇ ಇದ್ದು ಡೇಟಾ ಒಂದು ಅಂಚು ಹಿಂದುಮುಂದಾಗಿದ್ದರೆ, ಏರುಅಂಚಿಗೆ ಕಾದು ಬ್ಲಾಕಿಂಗ್ ಆಗಿ ಬರೆದ ಸಾಲೊಂದು ಎಲ್ಲೋ ಉಳಿದುಕೊಂಡಿದೆ. ಮೊದಲು ಡ್ರೈವರ್ ಫೈಲಿನಲ್ಲಿ ಹುಡುಕಿ, ನಂತರ ಕ್ಲಾಕ್ ಡಿವೈಡರಿನಲ್ಲಿ.